ಮೊದಲ ಏಟಿನ ರಾಶಿ

ನಮ್ಮ ಮನೆಗೊಂದು ಮುಂಬಾಗಿಲು ಇದೆ ಎಂದು ನನಗೆ ಗೊತ್ತಾದದ್ದು ಏಳು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಅದನ್ನು ಗೋಡೆಯಲ್ಲಿ ಕೂಡಿಸಿದ ದೊಡ್ಡ ಹಲಗೆ ಎಂದುಕೊಂಡಿದ್ದೆ. ಅವ್ವ ಅದರ ಚಿಲಕಕ್ಕೆ ಮೊರ, ಜರಡಿ ನೇತು ಹಾಕುತ್ತಿದ್ದಳು. ನಾವು ಹಿತ್ತಿಲಿಂದ ಹೋಗುತ್ತಿದ್ದೆವು, ಹಿತ್ತಿಲಿಂದ ಬರುತ್ತಿದ್ದೆವು. ಮುಂದೆ ಅಪ್ಪನ ರಾಶಿ ಬಿದ್ದಿತ್ತು. ಅದಕ್ಕೂ ನನಗೂ ಒಂದೇ ವಯಸ್ಸು. ನಾನು ತೊಟ್ಟಿಲಲ್ಲಿದ್ದಾಗ ಬಂದು ಕೂತದ್ದು, ನನಗೆ ಮೂವತ್ತೆರಡಾದರೂ ಕೂತೇ ಇತ್ತು.

ರಾಶಿ ಎಂದರೆ ಜೋಳದ ರಾಶಿಯಲ್ಲ. ಒಡೆದ ಇಟ್ಟಿಗೆ, ಹೆಂಚು, ಗಚ್ಚಿನ ಹೆಂಟೆ, ಸಾಗವಾನಿ ತೊಲೆ, ಕಲ್ಲು. ನಮ್ಮೂರಲ್ಲಿ ಕಟ್ಟಡ ಕೆಡವಿದರೆ ಬಿದ್ದದ್ದು ಎಲ್ಲಿಗೂ ಹೋಗುವುದಿಲ್ಲ. ಬಂಡಿ ಕಟ್ಟಿ ಹಳ್ಳಕ್ಕೆ ಸುರಿದು ಬನ್ನಿ, ಹಾಳುಬಾವಿಗೆ ಹಾಕಿ ಮುಚ್ಚಿ ಬನ್ನಿ, ಮೂರು ಊರು ದಾಟಿ ಎಸೆದು ಬನ್ನಿ. ಬೆಳಗ್ಗೆ ಕಸ ಹೊಡೆಯುವ ಹೊತ್ತಿಗೆ ಅದು ಬಂದು ಬಾಗಿಲಲ್ಲಿ ಕೂತಿರುತ್ತದೆ. ಯಾರ ಬಾಗಿಲಲ್ಲಿ? ಕೆಡವಿಸಿದವನ ಬಾಗಿಲಲ್ಲಲ್ಲ. ಆ ಕಟ್ಟಡಕ್ಕೆ ಮೊದಲ ಏಟು ಹಾಕಿದವನ ಬಾಗಿಲಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಮಾಡಿಸಿದವನು ಕೈ ತೊಳೆದುಕೊಂಡು ಹೋಗುತ್ತಾನೆ, ಮಾಡಿದವನು ಮಾತ್ರ ಉಣ್ಣುತ್ತಾನೆ.

ಹೀಗಾಗಿ ಉಳ್ಳವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಕೆಡವುವ ದಿನ ಒಬ್ಬ ಬಡವನನ್ನು ಕರೆದು, ಹೊಸ ಧೋತರ ಉಡಿಸಿ, ಹೊಟ್ಟೆ ತುಂಬ ಹೋಳಿಗೆ ತಿನ್ನಿಸಿ, ಅವನ ಕೈಯಲ್ಲಿ ಸುತ್ತಿಗೆ ಕೊಡುವುದು. ಹತ್ತಿ ಗಿರಣಿಯ ಗೋದಾಮಿಗೆ ಮೊದಲ ಏಟು ಹಾಕಿದವನು ನಮ್ಮಪ್ಪ ಯಮನಪ್ಪ. ಹಾಕಿಸಿದವನು ಗಿರಣಿಯ ಧಣಿ. ಆ ಧಣಿ ತೀರಿಹೋಗಿ, ಗಿರಣಿ ನಿಂತು, ಅದು ಊರಿನ ಪಾಲಿಗೆ ಬಂದು ಎಷ್ಟೋ ವರ್ಷವಾಯಿತು. ಗೋದಾಮು ಮಾತ್ರ ನಮ್ಮ ಬಾಗಿಲಲ್ಲಿ ಹಾಗೇ ಇತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹಿತ್ತಿಲಿಂದ ಒಳಗೆ ಬನ್ನಿ ಎಂದ ಕೂಡಲೇ ಮುಖ ಊದಿಸಿಕೊಂಡು ಬಂದ ದಾರಿ ಹಿಡಿದರು. ಎರಡು ಸಲ ಹೀಗಾಯಿತು. ಮೂರನೆಯವರು ಬರಲೇ ಇಲ್ಲ. ಅವ್ವ ಮದುವೆಯಾಗಿ ಆ ಮುಂಬಾಗಿಲಿಂದ ಒಳಗೆ ಬಂದವಳು, ಹೆಣವಾಗಿ ಹಿತ್ತಿಲಿಂದ ಹೋದಳು. ಬೇರೆ ಏನನ್ನಾದರೂ ಕ್ಷಮಿಸಿಯೇನು, ಇದನ್ನು ಮಾತ್ರ ಇಲ್ಲ.

ಇಂಥ ಊರಲ್ಲಿ ಗೋಡೆಯ ಜೊತೆ ಹುಷಾರಾಗಿ ಬದುಕುವುದನ್ನು ಎಲ್ಲರೂ ಕಲಿತಿರುತ್ತಾರೆ. ಮಕ್ಕಳು ಗೋಡೆಗೆ ಚೆಂಡು ಹೊಡೆಯುವುದಿಲ್ಲ. ಮುದುಕರು ಊರುಗೋಲನ್ನು ಅಂಗಳದಲ್ಲಿ ಬಿಟ್ಟು ಒಳಗೆ ಬರುತ್ತಾರೆ. ನಮ್ಮ ಶಾಲೆಯ ಮಾಸ್ತರರೊಬ್ಬರು ಸಿಟ್ಟಿನ ಭರದಲ್ಲಿ ಒಮ್ಮೆ ಗೋಡೆಗೆ ಬೆತ್ತ ಬೀಸಿದರು. ಉದುರಿದ ಗಚ್ಚಿನ ಚೂರು ಅವರ ಬಾಗಿಲು ಬಿಡಲಿಲ್ಲ. ಕೊನೆಗೆ ಅದನ್ನು ಬಳಪದ ಡಬ್ಬಿಯಲ್ಲೇ ಇಟ್ಟುಕೊಂಡು ನಿವೃತ್ತರಾದರು. ಆ ಶಾಲೆಯನ್ನು ಇನ್ನು ಯಾರು ಕೆಡವಿದರೂ ಅಷ್ಟೂ ಮಾಸ್ತರರ ಬಾಗಿಲಿಗೇ ಹೋಗುತ್ತದೆ. ಪಾಪ, ಅವರು ಈಗಲೂ ದಿನಾ ಸಂಜೆ ಶಾಲೆಯ ಸುತ್ತ ಒಂದು ಸುತ್ತು ಹಾಕಿ ಬರುತ್ತಾರೆ.

ಹೋದ ಮಳೆಗಾಲದಲ್ಲಿ ಹಳ್ಳ ಬಂದು ಒಂಬತ್ತು ಮನೆತನಗಳ ಮನೆ ಹೋಯಿತು. ಅವರೆಲ್ಲ ಶಾಲೆಯ ಪಡಸಾಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿಕೊಂಡು ಇದ್ದರು. ಊರ ಪಂಚಾಯ್ತಿಯ ಅಧ್ಯಕ್ಷ ವೀರಭದ್ರಗೌಡ ಒಂದು ಯೋಚನೆ ಹಾಕಿದ: ಹಾಳು ಬಿದ್ದಿರುವ ಹತ್ತಿ ಗಿರಣಿ ಕೆಡವಿ, ಆ ಜಾಗದಲ್ಲಿ ಸಿಮೆಂಟಿನ ಹೊಸ ಮನೆ ಕಟ್ಟುವುದು. ಯೋಚನೆ ಹಾಕಿದವನಿಗೆ ಬಡವನೊಬ್ಬ ಬೇಕಲ್ಲ? ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ನಮ್ಮ ಹಿತ್ತಿಲಿಗೆ ಬಂದ. ಈ ವೀರಭದ್ರಗೌಡ ಬೇರೆ ಯಾರೂ ಅಲ್ಲ, ಅದೇ ಧಣಿಯ ಮಗ. ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಯಾರ ಮನೆಗೆ ಹೋದರೂ ಅದನ್ನು ಅಂಗಳದಲ್ಲಿ ಬಿಡುವ ಪೈಕಿ ಅವನಲ್ಲ.

"ಯಮನಪ್ಪಾ, ನಿನ್ನ ಬಾಗಲಾಗ ಹೆಂಗೂ ರಾಶಿ ಐತಿ," ಎಂದ. "ಅದರ ಮ್ಯಾಲ ಇನ್ನಷ್ಟು ಬಿದ್ರ ನಿನಗೇನು ಭಾರ ಆಗೂದಿಲ್ಲ. ಗಿರಣಿಗೂ ನೀನ ಒಂದು ಏಟು ಹಾಕಿಬಿಡು. ಹೊಸಾ ಮನಿ ಒಂದು ನಿನಗೂ ಕೊಡ್ತೀವಿ."

ಅಪ್ಪ ನೆಲ ನೋಡಿದ. "ಮುಳುಗಿದಾಂವಗ ಚಳಿ ಏನ್ರಿ ಗೌಡ್ರ, ಮಳಿ ಏನ್ರಿ. ಆತು, ಹಾಕ್ತೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. "ಹೊಸಾ ಮನಿ ಕೊಟ್ರ ರಾಶಿ ಅಲ್ಲಿಗೆ ಬರೂದಿಲ್ಲೇನ್ರಿ?" ಎಂದೆ. "ಅಪ್ಪ ಎಲ್ಲಿ ಮಲಗ್ತಾನೋ ಅಲ್ಲಿಗೆ ಬರತೈತಿ ಅದು. ನಿಮ್ಮಪ್ಪ ಕೊಟ್ಟಿದ್ದನ್ನ ಇನ್ನೂ ದಾಟಾಕ ಆಗಿಲ್ಲ, ನೀವು ಮತ್ತ ತಂದ್ರೇನು?"

"ಫಕೀರವ್ವಾ, ಸುಮ್ನಿರವ್ವ," ಎಂದ ಅಪ್ಪ.

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಅಪ್ಪನ ಬದಲು ನಾನೇ ಏಟು ಹಾಕಲೇ ಎಂದೂ ಒಂದು ಗಳಿಗೆ ಯೋಚಿಸಿದೆ. ಇಬ್ಬರದೂ ಒಂದೇ ಮನೆ, ಒಂದೇ ಬಾಗಿಲು, ಬಂದ ಲಾಭವೇನು? ನಾನು ಹದಿನಾರನೆಯ ವಯಸ್ಸಿನಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಹೊರುವುದರಿಂದ ಶುರು ಮಾಡಿ, ಇಟ್ಟಿಗೆ ಇಡುವುದು, ಗೋಡೆಗೆ ಗಾರೆ ಬಳಿದು ಗಿಲಾಯಿ ಮಾಡುವುದು ಎಲ್ಲ ಕಲಿತಿದ್ದೆ. ಗಿರಣಿಯ ಮುಂದೆ ಹತ್ತಿ ಬಂಡಿಗಳು ಒಳಗೆ ಹೋಗಲು ಕಟ್ಟಿದ ಒಂಬತ್ತು ಕಮಾನುಗಳಿದ್ದವು. ಅವನ್ನು ದಿನಾ ನೋಡಿಕೊಂಡೇ ಬೆಳೆದಿದ್ದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಗಿರಣಿ ಕೆಡವಬ್ಯಾಡ್ರಿ. ನನಗ ಕೊಡ್ರಿ. ಕಮಾನಿಗೊಂದರಂಗ ಒಂಬತ್ತು ಮನಿ ಮಾಡಿಕೊಡ್ತೀನಿ. ನಡುವಿನ ಗ್ವಾಡಿಗೆ ಇಟ್ಟಂಗಿ ನಮ್ಮ ಬಾಗಲಾಗ ಬಿದ್ದಾವು."

ಗೌಡ ಮೀಸೆಯಲ್ಲೇ ನಕ್ಕ. "ಗಾರಿ ಹೊರಾಕಿ ಗಿರಣಿ ಉಳಸ್ತಾಳಂತ! ಆತು ಬಿಡು, ಮಿರಗದ ಮಳಿ ತನಕಾ ಟೈಮು. ಒಂಬತ್ತೂ ಮನ್ಯಾಗ ಒಲಿ ಹತ್ತಬೇಕು. ಎಂಟು ಹತ್ತಿದ್ರ ನಡಿಯೂದಿಲ್ಲ. ಇಲ್ಲಾಂದ್ರ ಯಮನಪ್ಪನ ಕೈಯಾಗ ಸುತ್ತಿಗಿ. ಏನಂತೀಯೋ?"

ಅಪ್ಪ ತಲೆಯಾಡಿಸಿದ. ಅವನ ಮಾತು ಎಂದರೆ ಮಾತು. ಅದೇ ಅವನ ಗುಣ, ಅದೇ ಅವನ ರೋಗ. ಮೃಗಶಿರಾ ಮಳೆಗೆ, ನಾವು ಮಿರಗ ಎನ್ನುವುದಕ್ಕೆ, ಇನ್ನೂ ಏಳು ತಿಂಗಳಿತ್ತು. ಹೋಗುವಾಗ ಗೌಡ ಒಂದು ಲಾರಿ ಸಿಮೆಂಟನ್ನೂ ಕೊಡುತ್ತೇನೆಂದ. ಅಷ್ಟು ಉದಾರಿ ಯಾಕಾದ ಎಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಮೊದಲ ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಡಸಾಲೆಯ ಒಂಬತ್ತು ಮನೆಯವರೂ ಕೆಲಸಕ್ಕೆ ಬಂದರು. ನಮ್ಮ ರಾಶಿಯಿಂದ ಇಟ್ಟಿಗೆ ಆರಿಸಿ, ಬುಟ್ಟಿಯಲ್ಲಿ ಹೊತ್ತು, ಮೊದಲ ಕಮಾನಿನೊಳಗೆ ಸಿಮೆಂಟಿನಲ್ಲಿ ಆಳೆತ್ತರ ಗೋಡೆ ಏರಿಸಿದೆವು. ಅವರ ಪೈಕಿ ರೇಣವ್ವ ಎಂಬಾಕೆ, ಬಾಯಿ ತೆರೆದರೆ ಮುಚ್ಚದವಳು, ಅರ್ಧ ಗೋಡೆ ಎದ್ದಾಗಲೇ ತನ್ನ ಒಲೆ ಎಲ್ಲಿ ಹೂಡಬೇಕೆಂದು ನೆಲದಲ್ಲಿ ಗೆರೆ ಎಳೆದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಹೊತ್ತ ಇಟ್ಟಿಗೆಯಷ್ಟೂ ವಾಪಸು ನಮ್ಮ ಬಾಗಿಲಲ್ಲಿ. ಒಂದೊಂದಕ್ಕೂ ಬೂದುಬಣ್ಣದ ಸಿಮೆಂಟು ಮೆತ್ತಿಕೊಂಡು, ರಾಶಿ ಮೊದಲಿಗಿಂತ ದೊಡ್ಡದಾಗಿತ್ತು. ಇನ್ನೊಂದು ಸಲ ಕಟ್ಟಿದೆವು. ಇನ್ನೊಂದು ಸಲ ಬಂತು. ಹಿತ್ತಿಲ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡು, ಮೌಲಾಸಾಬರ ಮನೆಗೆ ಹೋದೆ.

ಮೌಲಾಸಾಬರು ಸುಣ್ಣದ ಗಚ್ಚಿನ ಕೆಲಸ ಬಲ್ಲ ಕೊನೆಯ ಮೇಸ್ತ್ರಿ. ಸಿಮೆಂಟು ಬಂದ ಮೇಲೆ ಇಪ್ಪತ್ತು ವರ್ಷದಿಂದ ಅವರನ್ನು ಯಾರೂ ಕರೆದಿರಲಿಲ್ಲ. ಮೊಮ್ಮಕ್ಕಳ ಮದುವೆ ಮನೆಗೆ ಸುಣ್ಣ ಬಳಿದುಕೊಂಡು ಕಾಲ ಹಾಕುತ್ತಿದ್ದರು. ಕರೆದ ಕೂಡಲೇ ನನ್ನ ಜೊತೆ ಹೊರಟು, ಕೋಲನ್ನು ಗಿರಣಿಯ ಅಂಗಳದಲ್ಲೇ ಬಿಟ್ಟು ಒಳಗೆ ಬಂದರು, ಹಳೆಯ ಗೋಡೆಗೆ ಅಂಗೈ ಇಟ್ಟರು.

"ಈ ಗ್ವಾಡಿ ನೂರು ವರ್ಷದಿಂದ ಉಸಿರಾಡಾಕತ್ತೈತಿ," ಎಂದರು. "ನೀರು ಕುಡೀತೈತಿ, ಬಿಸಲಿಗೆ ಬಿಡತೈತಿ. ನೀ ಹೋಗಿ ಅದರ ಮೂಗು ಮುಚ್ಚಿದಿ. ಉಗುಳದ ಏನ್ ಮಾಡತೈತಿ?"

"ಹಂಗಾರ ಏನ್ ಮಾಡೂಣು ಕಾಕಾ?"

"ಅದಕ್ಕ ಗೊತ್ತಿದ್ದದ್ದನ್ನ ಕೊಡು. ಸುಣ್ಣ. ಆದ್ರ ಒಂದ್ ಮಾತು, ಸುಣ್ಣ ಅವಸರದಾಕಿ ಅಲ್ಲವ್ವಾ. ತನ್ನ ಟೈಮಿಗೆ ತಾ ಬರ್ತಾಳ."

ಗೌಡನ ಸಿಮೆಂಟನ್ನು ಗೌಡನಿಗೇ ವಾಪಸು ಕಳಿಸಿದೆವು. ಆ ಗೋಡೆ ಸಿಮೆಂಟು ಒಪ್ಪುವುದಿಲ್ಲವೆಂದು ಗಿರಣಿ ಧಣಿಯ ಮಗನಿಗೆ ಮೊದಲೇ ಗೊತ್ತಿದ್ದಿರಬೇಕು. ಇಟ್ಟಿಗೆಗೆ ಮೆತ್ತಿದ್ದನ್ನು ರೇಣವ್ವ ಮತ್ತವಳ ಗಂಡ ಒಂದು ವಾರ ಕೂತು ಕೆತ್ತಿದರು. ಅಂಗಳದಲ್ಲಿ ಗುಂಡಿ ತೋಡಿ ಸುಣ್ಣದ ಕಲ್ಲು ಹಾಕಿ ನೀರು ಬಿಟ್ಟರೆ ಅದು ಕುದಿಯುವ ಅನ್ನದ ಹಾಗೆ ಕೊತಕೊತ ಎಂದಿತು. ಮೇಲೆ ಎರಡು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟು ಕಾಯಬೇಕು. ಗಿರಣಿಯ ಹಿಂದೆ ಜಾಲಿಕಂಟಿಯೊಳಗೆ ಹೂತುಹೋಗಿದ್ದ ಹಳೆಯ ಗಚ್ಚಿನ ಗಾಣವನ್ನು ಮೌಲಾಸಾಬರೇ ಹುಡುಕಿ ತೆಗೆಸಿದರು. ಎಮ್ಮೆಕೋಣ ಕಟ್ಟಿ ಕಲ್ಲಿನ ಚಕ್ರ ತಿರುಗಿಸಿದೆವು. ಹಳ್ಳದ ಮರಳನ್ನು ಅವರು ಮುಟ್ಟಗೊಡಲಿಲ್ಲ. "ಹಳ್ಳಕ್ಕ ಮೊದಲ ಸಿಟ್ಟು ಐತಿ, ಮತ್ಯಾಕ ಕೆಣಕ್ತೀರಿ?" ಎಂದರು. ನಮ್ಮ ರಾಶಿಯಲ್ಲಿ ಪುಡಿಯಾದ ಇಟ್ಟಿಗೆ ಇತ್ತಲ್ಲ, ಅದನ್ನೇ ಕುಟ್ಟಿ ಜರಡಿ ಹಿಡಿದು ಸುಣ್ಣದ ಜೊತೆ ಅರೆದೆವು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬಿಟ್ಟೆವು. ಬೆಲ್ಲದ ಕೊಡದ ಹತ್ತಿರ ರೇಣವ್ವನ ಮಕ್ಕಳು ಸುಳಿದಾಡಿ ಕಾಲು ಭಾಗ ಗೋಡೆಗೆ ಸೇರದಂತೆ ನೋಡಿಕೊಂಡರು.

ಆ ಗಚ್ಚಿನಲ್ಲಿ ಕಟ್ಟಿದ ಮೊದಲ ಗೋಡೆಯ ಮರುದಿನ ಬೆಳಗ್ಗೆ ನಾನು ಬಾಗಿಲಿಗೆ ಹೋಗಲಿಲ್ಲ, ಹೆದರಿಕೆ. ಅಪ್ಪನೇ ಹಿತ್ತಿಲಿಂದ ಸುತ್ತು ಹಾಕಿ ಹೋಗಿ ನೋಡಿ ಬಂದ.

"ಬಂದಿಲ್ಲವ್ವಾ," ಎಂದ. "ಒಂದೂ ಬಂದಿಲ್ಲ."

ಅಂದಿನಿಂದ ಅಪ್ಪನೂ ಕೆಲಸಕ್ಕೆ ಬಂದ. ಎಪ್ಪತ್ತರ ಮನುಷ್ಯ, ಬೇಡ ಎಂದರೂ ಕೇಳಲಿಲ್ಲ. ತಲೆಗೆ ಸಿಂಬಿ ಸುತ್ತಿಕೊಂಡು ದಿನಕ್ಕೆ ಹತ್ತು ಬುಟ್ಟಿ ತಾನೇ ಹೊರುತ್ತಿದ್ದ. ಗೋದಾಮಿನ ಇಟ್ಟಿಗೆ, ಗಿರಣಿಯ ಇಟ್ಟಿಗೆ ಎರಡೂ ಒಂದೇ ಭಟ್ಟಿಯವು. ಪಕ್ಕದಲ್ಲಿಟ್ಟರೆ ಗುರುತು ಹತ್ತುತ್ತಿರಲಿಲ್ಲ. ಸಾಗವಾನಿ ತೊಲೆಗಳನ್ನು ಕೊಯ್ದು ಬಾಗಿಲು ಮಾಡಿದೆವು. ಗಟ್ಟಿ ಹೆಂಚು ಮಾಡಿಗೆ ಹೋದವು, ಒಡೆದ ಹೆಂಚು ನೆಲಕ್ಕೆ ಹೋದವು. ಹತ್ತಿಯ ಧೂಳು ಹೊರಗೆ ಹೋಗಲೆಂದು ಮಾಡಿನ ಕೆಳಗೆ ಬಿಟ್ಟಿದ್ದ ಗವಾಕ್ಷಿಗಳನ್ನು ಹಾಗೇ ಉಳಿಸಿಕೊಂಡೆವು. ಚೈತ್ರದ ಬಿಸಿಲಲ್ಲೂ ಬಿಸಿಗಾಳಿ ಅಲ್ಲಿಂದ ಹಾದುಹೋಗಿ ಒಳಗೆ ತಂಪಾಗಿರುತ್ತಿತ್ತು. ಇಂಜಿನ್ನಿಗೆ ನೀರು ಹಿಡಿಯುತ್ತಿದ್ದ ತೊಟ್ಟಿಯ ಹೂಳೆತ್ತಿ, ಮಾಡಿನ ಮಳೆನೀರು ಅದಕ್ಕೇ ಬೀಳುವಂತೆ ದೋಣಿ ಕೂಡಿಸಿದೆವು. ಸುತ್ತಿಗೆ ಮಾತ್ರ ಯಾರೂ ಮುಟ್ಟಲಿಲ್ಲ. ಹಳೆಯ ಗೋಡೆಯಲ್ಲಿ ಏನಾದರೂ ಬಿಡಿಸಬೇಕಾದರೆ ಚಾಕುವಿನಿಂದ ಸಂದು ಕೆರೆದು, ಹಾಲುಹಲ್ಲು ಕಿತ್ತ ಹಾಗೆ ಅಲುಗಿಸಿ ತೆಗೆಯುತ್ತಿದ್ದೆವು. ಕೆಲಸ ನಿಧಾನ, ಆದರೆ ಮನೆ ಎದ್ದವು. ಹೋಳಿ ಹುಣ್ಣಿಮೆಗೆ ಮೂರು, ಯುಗಾದಿಗೆ ಐದು, ಬಸವಜಯಂತಿಗೆ ಏಳು. ನಮ್ಮ ರಾಶಿ ಮೊದಲು ಕಿಟಕಿಯಿಂದ ಇಳಿಯಿತು, ಆಮೇಲೆ ನನ್ನ ಎದೆಮಟ್ಟ, ಆಮೇಲೆ ಮೊಣಕಾಲು. ಒಂದು ದಿನ ಒಳಗೆ ಕೂತು ಊಟ ಮಾಡುವಾಗ ಬೀದಿಯಲ್ಲಿ ಹೋಗುವವರ ತಲೆ ಕಂಡು ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ.

ಒಂಬತ್ತನೆಯ ಮನೆಗೆ ಬಂದಾಗ ಸುಣ್ಣ ಮುಗಿಯಿತು. ಹೊಸದಾಗಿ ಹಾಕಿದ್ದು ಗುಂಡಿಯಲ್ಲಿ ಇನ್ನೂ ನೆನೆಯುತ್ತಿತ್ತು. ಮಿರಗಕ್ಕೆ ಹದಿನೈದು ದಿನವಿತ್ತು.

"ಕಾಕಾ, ಇದ್ದದ್ದನ್ನ ಹಚ್ಚಿಬಿಡೂಣು," ಎಂದೆ.

"ಅರ್ಧಾ ನೆಂದ ಸುಣ್ಣ ಹಚ್ಚಿದ್ರ ಮಳಿಗಾಲದಾಗ ಉಬ್ಬಿ ಸಿಡೀತೈತಿ. ಒಳಗ ಕೂಸು ಮಲಗಿರ್ತಾವು."

"ಇಲ್ಲಿ ನಮ್ಮಪ್ಪನ ಕುತ್ತಿಗಿ ಐತಿ!"

"ಗೊತ್ತೈತಿ," ಎಂದರು ಮೌಲಾಸಾಬರು. "ಆದ್ರೂ ಹಚ್ಚೂದಿಲ್ಲ."

ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನಾನೇ ಹೋಗಿ ಸುಣ್ಣದ ಗುಂಡಿಯ ನೀರು ಸರಿಮಾಡಿದೆ. ಅವರು ಹೇಳಿದ್ದು ಸರಿ ಎಂದು ನನ್ನ ಕೈಗೆ ಗೊತ್ತಿತ್ತು. ಬಾಯಿ ಒಪ್ಪುತ್ತಿರಲಿಲ್ಲ ಅಷ್ಟೇ. ಮಿರಗದ ಹಿಂದಿನ ದಿನಕ್ಕೆ ಒಂಬತ್ತನೆಯ ಮನೆಯ ಗೋಡೆ ಎದ್ದಿತ್ತು, ಕಮಾನಿನ ಕಂಬಕ್ಕೆ ಹಚ್ಚಿದ ಗಿಲಾಯಿ ಇನ್ನೂ ಹಸಿಯಿತ್ತು, ಮಾಡು ಅರ್ಧ ಬರಿದಾಗಿತ್ತು.

ಮಿರಗದ ದಿನ ಬೆಳಗ್ಗೆ ಗೌಡ ಬಂದ. ಹಿಂದೆ ಅರ್ಧ ಊರು. ಎಂಟು ಮಾಡಿನಿಂದ ಹೊಗೆ ಏಳುತ್ತಿತ್ತು. ಅಪ್ಪ ಒಗೆದ ಧೋತರ ಉಟ್ಟು, ಮದುವೆಗೆ ಹೊರಟವನ ಹಾಗೆ ತಲೆಗೆ ರುಮಾಲು ಸುತ್ತಿ, ಸುತ್ತಿಗೆ ಹಿಡಿದು ಅಂಗಳದ ನಡುವೆ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ತಾನೇ ಬಂದು ನಿಂತಿದ್ದ.

ಗೌಡ ಬೆತ್ತ ಎತ್ತಿ ಹೊಗೆ ಎಣಿಸಿದ. "ಎಂಟು," ಎಂದ.

"ಹನ್ನೆರಡು ದಿನ ಕೊಡ್ರಿ ಗೌಡ್ರ," ಎಂದೆ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಆದರೂ ಬೇಡಿಕೊಂಡೆ. "ಸುಣ್ಣ ಒಣಗಬೇಕು ಅಷ್ಟ. ಎಂಟು ಮನ್ಯಾಗ ಮಂದಿ ಅದಾರ, ಅವರನ್ನ ಹೊರಗ ಹಾಕಿ ಕೆಡವ್ತೀರೇನು?"

"ಮಾತು ಅಂದ್ರ ಮಾತವ್ವಾ," ಎಂದ ಅಪ್ಪ.

"ಕೇಳಿದಿಲ್ಲ? ನಿಮ್ಮಪ್ಪಗ ತಿಳಿದದ್ದು ನಿನಗ ತಿಳೀವಲ್ದು," ಎಂದು ಗೌಡ ಒಂಬತ್ತನೆಯ ಕಮಾನಿನ ಕಡೆ ನಡೆದ. ಬೆತ್ತ ಕೈಯಲ್ಲೇ ಇತ್ತು. "ಸುಣ್ಣ, ಬೆಲ್ಲ, ಅಳಲಿಕಾಯಿ! ಗ್ವಾಡಿ ಕಟ್ಟೀರೋ, ಪಾಯಸ ಮಾಡೀರೋ? ಇದ್ಯಾವ ಗ್ವಾಡಿ? ಬೆರಳು ಮುಟ್ಟಿದ್ರ ಬೀಳತೈತಿ ನೋಡ್ರಿ!"

ಹೀಗೆಂದು ಬೆತ್ತ ಬೀಸಿ ಕಂಬಕ್ಕೆ ಫಟ್ಟನೆ ಹೊಡೆದ.

ಅಂಗೈ ಅಗಲದ ಹಸಿ ಗಚ್ಚು ಬಿತ್ತು. ಅದರ ಹಿಂದೆ ಹಳೆಯ ಇಟ್ಟಿಗೆಯ ಒಂದು ಮೂಲೆಯೂ ಕಿತ್ತುಬಂದು ಅವನ ಕಾಲ ಬಳಿ ಉರುಳಿತು. ಗಾಣದ ಕೋಣ ಮೇವು ಅಗಿಯುತ್ತಿತ್ತು. ಗೌಡ ಬೆತ್ತ ನೋಡಿಕೊಂಡ, ಕಂಬ ನೋಡಿದ, ನೆಲ ನೋಡಿದ. ಮುಖದ ಬಣ್ಣ ಇಳಿಯಿತು.

"ಯವ್ವಾ," ಎಂದಳು ರೇಣವ್ವ, "ಗೌಡ್ರು ಏಟು ಹಾಕಿದ್ರಲ್ಲ!"

ಅಪ್ಪ ನಿಧಾನವಾಗಿ ಬಗ್ಗಿ ಸುತ್ತಿಗೆಯನ್ನು ನೆಲದ ಮೇಲಿಟ್ಟ. "ಇನ್ನ ನನ್ನ ಕೆಲಸ ಇಲ್ರಿ ಗೌಡ್ರ," ಎಂದ. "ಮೊದಲನೇದು ಆತು."

ಅವನ ದನಿಯಲ್ಲಿ ಅಣಕವಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ. ನಗಲಿಕ್ಕೆ ಶುರು ಮಾಡಿದವರು ಊರಿನವರು, ನಿಲ್ಲಿಸಲಿಕ್ಕೆ ಆಗದೆ ಹೋದವಳು ನಾನು.

ಆ ಚೂರು ಮರುದಿನ ಬೆಳಗ್ಗೆ ಗೌಡನ ಹೊಸ್ತಿಲ ಮೇಲಿತ್ತಂತೆ. ಅವನ ಹೆಂಡತಿ ರಂಗೋಲಿ ಹಾಕಲು ಬಂದವಳು ಎಡವಿದಳಂತೆ. ಆಳನ್ನು ಕಳಿಸಿ ಬಾವಿಗೆ ಹಾಕಿಸಿದ, ಮತ್ತೆ ಬಂತು. ಪಕ್ಕದ ಊರಿಗೆ ಹೋಗುವ ಬಸ್ಸಿನಲ್ಲಿ ಬಿಟ್ಟುಬರಲು ಹೇಳಿದ, ಮತ್ತೆ ಬಂತು. ಮೂರನೆಯ ದಿನ ಅದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಅವನೇ ಗಿರಣಿಗೆ ಬಂದ. ಬೆತ್ತ ತಂದಿರಲಿಲ್ಲ.

"ಇದಕ್ಕೊಂದು ಜಾಗ ಐತೇನು ಫಕೀರವ್ವ?" ಎಂದ. ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮೂವತ್ತೆರಡು ವರ್ಷ ಇಟ್ಟುಕೋ, ಆಮೇಲೆ ಬಾ ಎನ್ನಬೇಕೆಂದಿದ್ದೆ. ಸುಳ್ಳು ಯಾಕೆ ಹೇಳಲಿ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಬುಟ್ಟಿ ಇಳಿಸಿ, ಗೌಡನ ಕೈಯಲ್ಲಿದ್ದ ಚೂರನ್ನು ತಿರುಗಿಸಿ ನೋಡಿ, "ಎಲ್ಲಿಂದ ಬಿತ್ತೋ ಅಲ್ಲೇ ಕೂಡತೈತ್ರಿ," ಎಂದ. ಹಾಗಾಗಿ ನಾನು ನುಂಗಿಕೊಂಡೆ. ಆದರೆ ಗಾರೆ ಬಳಿಯುವ ಕರಣಿಯನ್ನು ಗೌಡನ ಕೈಗೇ ಕೊಟ್ಟೆ. ಮೌಲಾಸಾಬರು ತೋರಿಸಿಕೊಟ್ಟರು. ರೇಷ್ಮೆ ಅಂಚಿನ ಧೋತರಕ್ಕೆಲ್ಲ ಸುಣ್ಣ ಸಿಡಿಸಿಕೊಂಡು, ಅರ್ಧ ದಿನ ಒದ್ದಾಡಿ, ಅವನೇ ಕೂಡಿಸಿದ. ಅದು ಮತ್ತೆ ಅವನ ಬಾಗಿಲಿಗೆ ಹೋಗಲಿಲ್ಲ. ಕೆಡವುವ ಮಾತನ್ನೂ ಅವನು ಮತ್ತೆ ಎತ್ತಲಿಲ್ಲ. ಈಗ ಗಾಳಿ ಮಳೆ ಬಂದ ಮರುದಿನ ಗಿರಣಿಗೆ ಮೊದಲು ಬರುವವನು ಗೌಡನೇ. ಒಂದು ಹೆಂಚು ಜಾರಿದರೂ ಅದು ಯಾರ ಹೊಸ್ತಿಲಿಗೆ ಬರುತ್ತದೆಂದು ಅವನಿಗೆ ಗೊತ್ತು.

ಮಿರಗ ಎರಡು ದಿನ ಸುರಿದು, ಮಳೆ ನಿಂತು ಹೊರಪು ಕೊಟ್ಟಿತು. ಆ ಹೊರಪಿನಲ್ಲಿ ಒಂಬತ್ತನೆಯ ಮನೆ ಮುಗಿಯಿತು. ನಮ್ಮ ಬಾಗಿಲಲ್ಲಿ ಉಳಿದದ್ದು ಒಂದು ಬುಟ್ಟಿ ಹೆಂಚಿನ ಚೂರು. ಅದನ್ನು ನೆಲದ ಕೊನೆಯ ಮೂಲೆಗೆ ಬಡಿದು ಕೂಡಿಸಿದೆವು. ಆ ಮನೆಯ ಒಲೆ ಹತ್ತಿದಾಗ ಮೌಲಾಸಾಬರು ಗೋಡೆಗೆ ಅಂಗೈ ಇಟ್ಟು, "ಸುಣ್ಣ ಈಗ ಬಂದ್ಲು ನೋಡು," ಎಂದರು.

ಮರುದಿನ ಬೆಳಗ್ಗೆ ಅಪ್ಪ ಎದ್ದು ಎಂದಿನಂತೆ ಹಿತ್ತಿಲ ಕಡೆ ಹೊರಟ.

"ಅಪ್ಪಾ," ಎಂದೆ, "ಈ ಕಡೆ."

ಮುಂಬಾಗಿಲ ಚಿಲಕದಿಂದ ನಾನು ಮೊರ ತೆಗೆದೆ, ಜರಡಿ ತೆಗೆದೆ. ಚಿಲಕ ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ಎಳೆದೆವು. ಬಾಗಿಲು ಮೊದಲು ಒಂದು ಗೇಣು ತೆರೆಯಿತು, ಆಮೇಲೆ ಪೂರ್ತಿ. ಬೆಳಕು ಒಳಗೆ ಬಂದು ಅವ್ವನ ಬೀಸುಕಲ್ಲಿನ ತನಕ ಬಿತ್ತು. ಅಪ್ಪ ಹೊಸ್ತಿಲ ಮೇಲೆ ನಿಂತು ಆ ತುದಿ ಈ ತುದಿ ನೋಡಿದ.

"ಬೀದಿ ಇಷ್ಟು ಅಗಲ ಇತ್ತೇನವ್ವಾ?" ಎಂದ.

ಅವನು ಹೊರಗೆ ಇಳಿಯುತ್ತಾನೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಬಾಗಿಲ ತೋಳನ್ನು ಸವರಿದ.

"ನಿಮ್ಮವ್ವ ಇದರಾಗಿಂದನ ಬಂದಿದ್ಲು," ಎಂದು, ಹೊಸ್ತಿಲ ಒಂದು ಮಗ್ಗುಲಿಗೆ ಸರಿದು, ಒಳಗೆ ಬರುವವರಿಗೆ ಜಾಗ ಬಿಟ್ಟು ನಿಂತ.